ಬೈಸಿಕೊಳ್ಳುವ ಹಕ್ಕು

ರೆಕ್ಕೆಮನೆ, ಕಪ್ಪತಗುಡ್ಡದ ಬುಡ
ಗಾಳಿ ತಿಂಗಳ ಮೂವತ್ತೆಂಟನೇ ತಾರೀಖು, ೨೧೯೧

ಹಿಂದಿನವರೇ,

ಮೇಲಿನ ತಾರೀಖು ನೋಡಿ, ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು, ತಿಂಗಳಿಗೆ ನಲವತ್ತು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಲೆಕ್ಕ ಸರಿಯಾಗಿದೆ, ಬೇಕಿದ್ದರೆ ಕೂಡಿಸಿ ನೋಡಿ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಷ್ಟಪಟ್ಟು ಕಲಿತವಳು ನಾನು. ಆದರೆ ನಮ್ಮ ಕೆಲವು ವಸ್ತುಗಳಿಗೆ ನಿಮ್ಮಲ್ಲಿ ಹೆಸರಿಲ್ಲ, ನಿಮ್ಮ ಕೆಲವು ಹೆಸರುಗಳಿಗೆ ನಮ್ಮಲ್ಲಿ ವಸ್ತುವೇ ಉಳಿದಿಲ್ಲ. ತೊಡಕಾದಲ್ಲಿ ಕ್ಷಮಿಸಿ. ಕ್ಷಮೆ ಕೇಳುವ ಚಾಳಿ ನನಗಿಲ್ಲ; ಇದೊಂದು ಸಲ ಕೇಳಿದ್ದೇನೆ, ಮುಂದೆ ಕೇಳುವುದಿಲ್ಲ.

ಇಂಥ ಪತ್ರಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ರಜೆ ಹತ್ತಿರವಾದಾಗ ಮನಸ್ಸು ಬಂದವರು ಕಳೆದುಹೋದ ಕಾಲದವರಿಗೆ ಒಂದು ಓಲೆ ಬರೆಯುತ್ತಾರೆ. ಅದು ತಲುಪುತ್ತದೆಯೇ ಎಂದು ಕೇಳಬೇಡಿ, ಯಾರಿಗೂ ಗೊತ್ತಿಲ್ಲ. ಉತ್ತರವಂತೂ ಇದುವರೆಗೆ ಬಂದಿಲ್ಲ. ಹಿಂದಿನವರು ಮಹಾ ಸೋಮಾರಿಗಳು ಎಂದು ನಮ್ಮಲ್ಲಿ ನಗೆಯಾಡುವುದುಂಟು. ಹೆಚ್ಚಿನವರು ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನಿಮ್ಮ ಕಾಲದ ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೆ. ಅದರಲ್ಲೂ ಪಕ್ಕದ ಮೇಜಿನಲ್ಲಿ ನನ್ನಂಥವಳೊಬ್ಬಳು ಬಂದು ಕೂತಿರುವವರಿಗೆ.

ನನ್ನಂಥವಳು ಎಂದರೆ ಹೇಳಬೇಕಲ್ಲ. ನನ್ನ ಹೆಸರು ನೀಲಗಂಗವ್ವ. ಹುಟ್ಟಿದಾಗಿನಿಂದ ಸೊಂಟದ ಕೆಳಗೆ ನನಗೆ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಡುತ್ತೇನೆ. ಇಷ್ಟು ಮುಂದಿನ ಕಾಲದಲ್ಲಿ ಇದೆಲ್ಲ ವಾಸಿಯಾಗಿರಬೇಕಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಇಲ್ಲ ಮಾರಾಯರೇ, ನಮ್ಮಲ್ಲಿ ನೆಗಡಿಯೂ ಹಾಗೇ ಇದೆ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು ನಿಮ್ಮ ಕಾಲದಲ್ಲೇ ಶುರುವಾಗಿದ್ದವಂತೆ. ಈಗ ನಮ್ಮ ಸೀಮೆಯ ದೀಪ, ಪಂಪು, ಬಂಡಿ ಎಲ್ಲಕ್ಕೂ ಅವೇ ಆಧಾರ. ಅವುಗಳ ರೆಕ್ಕೆಗಳು ಬಿರುಕು ಬಿಟ್ಟಾಗ ಕೆಳಗಿಳಿಸಿ ತೇಪೆ ಹಚ್ಚುವ ಜಾಗವೇ ರೆಕ್ಕೆಮನೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕಿಟಕಿಯಿಂದ ಆ ರೆಕ್ಕೆಗಳು ಕಾಣುತ್ತಿದ್ದವು. ಒಂದು ದಿನ ಗುಡ್ಡದ ಮೇಲೆ ಹೋಗಿ ಅವುಗಳ ಬುಡದಲ್ಲೇ ಕೆಲಸ ಮಾಡಬೇಕು ಎಂಬ ಹಟ ನನಗೆ ಆಗಲೇ ಹತ್ತಿತ್ತು. ಅವ್ವ ಬೇಡವೆನ್ನಲಿಲ್ಲ, ಹುಚ್ಚು ಬಿಡುತ್ತದೆ ಎಂದುಕೊಂಡಳು. ಬಿಡಲಿಲ್ಲ.

ರೆಕ್ಕೆಮನೆಯನ್ನು ನಿಮಗೆ ಸ್ವಲ್ಪ ತೋರಿಸಬೇಕು, ಏಕೆಂದರೆ ಅದು ಒಳ್ಳೆಯ ಜಾಗ. ಇಡೀ ಕಟ್ಟಡದಲ್ಲಿ ಒಂದೂ ಮೆಟ್ಟಿಲಿಲ್ಲ. ಹಳೆಯ ಕೋಟೆ, ಗುಡಿಗಳನ್ನು ಬಿಟ್ಟರೆ ಮೆಟ್ಟಿಲನ್ನೇ ನೋಡದ ಮಕ್ಕಳು ನಮ್ಮೂರಲ್ಲಿದ್ದಾರೆ. ಊಟದ ಹೊತ್ತಾದರೆ ಗಂಟೆಯೂ ಹೊಡೆಯುತ್ತದೆ, ದೀಪವೂ ಬಣ್ಣ ಬದಲಿಸುತ್ತದೆ, ನೆಲವೂ ಸಣ್ಣಗೆ ನಡುಗುತ್ತದೆ. ಯಾರಿಗೆ ಹೇಗೆ ತಿಳಿಯುತ್ತದೋ ಹಾಗೆ ತಿಳಿದುಕೊಂಡು ಬುತ್ತಿ ಬಿಚ್ಚುತ್ತಾರೆ. ಕಿವಿ ಕೇಳದವರ ಕೈಮಾತನ್ನು ಎಲ್ಲರೂ ಶಾಲೆಯಲ್ಲೇ ಕಲಿತಿರುತ್ತಾರೆ, ದೂರದಿಂದ ಚಾಡಿ ಹೇಳಲು ಅದರಷ್ಟು ಅನುಕೂಲ ಇನ್ನೊಂದಿಲ್ಲ. ಸದ್ದು ಗದ್ದಲ ಹೆಚ್ಚಾದರೆ ತಡೆಯಲಾರದವರಿಗೆ ಮೌನಗೂಡು ಎಂಬ ದಪ್ಪ ಗೋಡೆಯ ಕೋಣೆಯಿದೆ. ಒಳಗೆ ಹೋದವರನ್ನು ಏಕೆ ಹೋದೆ ಎಂದು ಕೇಳುವ ಹಾಗಿಲ್ಲ. ಹಸುಗೂಸು ಇರುವ ತಾಯಿಗೂ ತಂದೆಗೂ ತೊಟ್ಟಿಲಪಾಳಿ ಎಂಬ ಗಿಡ್ಡ ಪಾಳಿಯಿದೆ, ಸಂಬಳ ಗಿಡ್ಡವಾಗುವುದಿಲ್ಲ. ಸಭೆ ಸೇರಿದರೆ ಎಲ್ಲರಿಗಿಂತ ಹೊಸದಾಗಿ ಬಂದವರು ಮೊದಲು ಮಾತಾಡಬೇಕು, ಮೇಸ್ತ್ರಿ ಎಲ್ಲರಿಗಿಂತ ಕೊನೆಗೆ. ಕುಲ ತಿಳಿಯಲೆಂದು ಯಾರ ಅಡ್ಡಹೆಸರನ್ನೂ ಕೆದಕಿ ಕೇಳುವಂತಿಲ್ಲ. ಹಾಗೆ ಕೇಳುವುದನ್ನು ನಾವು ಇನ್ನೊಬ್ಬರ ಬುತ್ತಿಗೆ ಕೈ ಹಾಕಿದಂತೆ ಎಣಿಸುತ್ತೇವೆ. ಬುತ್ತಿಯೆಂದ ಮೇಲೆ ನೆನಪಾಯಿತು. ತ್ರಿಪುರದಿಂದ ಬಂದ ರತನ್ ಒಣಮೀನು ತರುತ್ತಾನೆ, ನಮ್ಮ ಗಿರಿಮಲ್ಲ ಮೂಗು ಮುರಿಯುತ್ತಾನೆ. ಮೂಗು ಮುರಿಯುವವರು ನಮ್ಮ ಕಾಲದಲ್ಲೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಎದ್ದು ಬೇರೆ ಕಡೆ ಕೂರಬೇಕಾದವನು ಗಿರಿಮಲ್ಲ, ರತನ್ ಅಲ್ಲ.

ಇವೆಲ್ಲ ಪುಕ್ಕಟೆ ಬಂದದ್ದಲ್ಲ. ನಿಮ್ಮ ಮೊಮ್ಮಕ್ಕಳು, ಮರಿಮಕ್ಕಳು ಜಗಳವಾಡಿ, ಬಾಗಿಲಲ್ಲಿ ಧರಣಿ ಕೂತು, ಕೆಲವರು ಕೆಲಸ ಕಳೆದುಕೊಂಡು ತಂದದ್ದು ಎಂದು ನಮಗೆ ಶಾಲೆಯಲ್ಲಿ ಪಾಠವಿದೆ. ಆ ಪಾಠ ಕೇಳಿದ ಮಕ್ಕಳು ಅಳುತ್ತಾರೆ. ದೊಡ್ಡವರಾದ ಮೇಲೆ ಯಾರನ್ನೂ ಎಂದೂ ನೋಯಿಸಬಾರದೆಂದು ಮನಸ್ಸಿನಲ್ಲೇ ಆಣೆ ಮಾಡಿಕೊಳ್ಳುತ್ತಾರೆ. ನನ್ನ ಕಥೆ ಕೆಟ್ಟದ್ದು ಆ ಆಣೆಯಿಂದ.

ನಮ್ಮಲ್ಲಿ ತಟ್ಟುಹೊತ್ತು ಎಂಬ ಪದ್ಧತಿಯಿದೆ. ಸಂಜೆ ಕೆಲಸ ಮುಗಿಯುವ ಮುನ್ನ ಎಲ್ಲರೂ ಸೇರಿ ಅಂದು ಹಚ್ಚಿದ ಪ್ರತಿಯೊಂದು ತೇಪೆಯನ್ನೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾರೆ. ಅಂಟು ಬಿಗಿಯಾಗಿ ಕೂತಿದ್ದರೆ ಟಣ್ ಎನ್ನುತ್ತದೆ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಡಬ್ ಎಂಬ ಸತ್ತ ಸದ್ದು. ಅದಕ್ಕೆ ಪೊಳ್ಳು ಎನ್ನುತ್ತೇವೆ. ಪೊಳ್ಳು ಬಿತ್ತೋ, ಹಚ್ಚಿದವರು ಎದುರು ಬಂದು ಬೈಸಿಕೊಳ್ಳಬೇಕು. ಅದೂ ಎಂಥ ಬೈಗುಳ! ಗದಗ ಸೀಮೆಯವರ ಬಾಯಿ ನಿಮಗೆ ಗೊತ್ತಿದ್ದರೆ ಹೇಳುವುದು ಬೇಡ. ಹುಟ್ಟಿದ ಊರು, ಹೊತ್ತ ಕುಲ, ಹೊಂದಿದ ಮೈ, ಈ ಮೂರನ್ನು ಮುಟ್ಟುವ ಹಾಗಿಲ್ಲ; ಕೆಲಸವನ್ನು ಮಾತ್ರ ಎಷ್ಟು ಬೇಕಾದರೂ ಜಾಡಿಸಬಹುದು. ಬೈದು ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಏಕೆ ಪೊಳ್ಳಾಯಿತೆಂದು ಹುಡುಕುತ್ತಾರೆ. ಎಲ್ಲರ ಮನೆ ದೋಸೆಯೂ ತೂತೇ ಅಲ್ಲವೇ, ನಮ್ಮ ಮೇಸ್ತ್ರಿ ಫಕೀರಪ್ಪನವರು ಕೂಡ ತಿಂಗಳಿಗೊಮ್ಮೆ ನಿಂತು ಬೈಸಿಕೊಂಡವರೇ. ಹೀಗೆ ಬೈಸಿಕೊಂಡು ಬೈಸಿಕೊಂಡು ಪೊಳ್ಳು ಬೀಳುವುದು ತೀರಾ ಅಪರೂಪವಾದ ಮೇಲೆ ಆ ಕೆಲಸಗಾರರಿಗೆ ಕೈಯಚ್ಚು ಸಿಗುತ್ತದೆ: ಬಣ್ಣದಲ್ಲಿ ಅಂಗೈ ಅದ್ದಿ ತಾವು ದುರಸ್ತಿ ಮಾಡಿದ ರೆಕ್ಕೆಯ ಮೇಲೆ ಒತ್ತುವ ಹಕ್ಕು. ಕೈಯಚ್ಚು ಇದ್ದವರು ಏರುಬಂಡಿಯಲ್ಲಿ ಗುಡ್ಡದ ಮೇಲೆ ಹೋಗಿ ಒಬ್ಬರೇ ಕೆಲಸ ಮಾಡಬಹುದು, ಅಲ್ಲಿ ಅವರ ತೇಪೆಯನ್ನು ಇನ್ನೊಬ್ಬರು ತಟ್ಟಿ ನೋಡುವುದಿಲ್ಲ. ನನಗೆ ಬೇಕಾಗಿದ್ದದ್ದು ಅದು.

ನಾನು ಸೇರುವ ಮೊದಲೇ ನನಗಾಗಿ ಒಂದು ತಗ್ಗು ಮೇಜು ಸಿದ್ಧವಾಗಿತ್ತು. ಕುರ್ಚಿ ಅದರ ಕೆಳಗೆ ಸಲೀಸಾಗಿ ಹೋಗುತ್ತಿತ್ತು, ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದರು, ಉಪಕರಣಗಳೆಲ್ಲ ಕೈಗೆಟಕುವಂತಿದ್ದವು. ಮೇಜನ್ನು ನೋಡಿ ನನ್ನ ಕಣ್ಣು ತುಂಬಿತು. ಮೊದಲ ವರ್ಷ ನನ್ನ ಒಂದು ತೇಪೆಯೂ ಪೊಳ್ಳಾಗಲಿಲ್ಲ. ಪ್ರತಿ ಸಂಜೆ ಟಣ್ ಟಣ್ ಎಂದೇ ಕೇಳಿತು. ಪಕ್ಕದ ಮೇಜಿನ ಹುಸೇನಬಿ ನನ್ನ ಗೆಳತಿ, ಹತ್ತು ವರ್ಷ ಹಳಬಳು, ಕತ್ತರಿಯಂಥ ಬಾಯಿ. ಅವಳಿಗೂ ಪೊಳ್ಳು ಬೀಳುತ್ತಿತ್ತು, ನನಗಿಲ್ಲ. ನನ್ನ ಕೈಗುಣವೇ ಅಂಥದ್ದು ಎಂದು ಮನೆಗೆ ಹೋಗಿ ಅವ್ವನ ಮುಂದೆ ಜಂಬ ಕೊಚ್ಚಿದೆ. ವರ್ಷ ತುಂಬುವ ಹೊತ್ತಿಗೆ ಫಕೀರಪ್ಪನವರು, ಬರುವ ಹುಣ್ಣಿಮೆಗೆ ನಿನ್ನ ಕೈಯಚ್ಚು ಎಂದರು. ಅವ್ವ ಹೋಳಿಗೆ ಮಾಡಿದಳು.

ಹುಣ್ಣಿಮೆಗೆ ಕೆಲವೇ ದಿನವಿದ್ದಾಗ ಒಂದು ಮಧ್ಯಾಹ್ನ ಬುತ್ತಿಗೆ ಉಪ್ಪಿನಕಾಯಿ ಮರೆತದ್ದಕ್ಕೆ ಊಟ ಸೇರದೆ ಬೇಗ ಒಳಗೆ ಬಂದೆ. ಹುಸೇನಬಿ ನನ್ನ ಮೇಜಿನ ಮುಂದೆ ನಿಂತು, ನಾನು ಬೆಳಿಗ್ಗೆ ಹಚ್ಚಿದ ತೇಪೆಯನ್ನು ಕೆರೆದು ಕಿತ್ತು ಹೊಸದು ಹಚ್ಚುತ್ತಿದ್ದಳು. ಪಕ್ಕದಲ್ಲಿ ಗಿರಿಮಲ್ಲ ಬಾಗಿಲು ಕಾಯುತ್ತಿದ್ದ, ಆದರೆ ಎದುರು ಬಾಗಿಲನ್ನು. ನಾನು ಹಿಂಬಾಗಿಲಿಂದ ಬಂದಿದ್ದೆ. ಹುಸೇನಬಿ ನನ್ನನ್ನು ಕಂಡು, "ದಿನಾ ಅಲ್ಲಬೇ, ಬರೇ ಪೊಳ್ಳ ಇದ್ದಾಗ" ಎಂದಳು. ದಿನವೂ ಪೊಳ್ಳಿತ್ತೇ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಗಿರಿಮಲ್ಲ, ಅವನ ಬಾಯಿಗಿಷ್ಟು ಮಣ್ಣು ಹಾಕ, ಹೆಚ್ಚುಕಡಿಮೆ ದಿನವೂ ಎಂದುಬಿಟ್ಟ.

ಅಂದು ನನಗಾದದ್ದನ್ನು ಹೇಗೆ ಹೇಳಲಿ. ನನ್ನ ಕಾಲದ ಬಗ್ಗೆ ನಾನು ಎಂದೂ ನಾಚಿದವಳಲ್ಲ. ಅಂದು ನಾಚಿದೆ. ಒಂದು ವರ್ಷ ಇಡೀ ರೆಕ್ಕೆಮನೆ ನನ್ನ ಬೆನ್ನ ಹಿಂದೆ ನನ್ನ ಕೆಲಸ ಮಾಡಿತ್ತು, ಸಂಜೆ ನನ್ನೆದುರು ನಿಂತು ಚಪ್ಪಾಳೆ ತಟ್ಟಿತ್ತು. ಸಿಟ್ಟಿನಲ್ಲಿ ಮೇಸ್ತ್ರಿಯ ಬಳಿಗೆ ಹೋದೆ. ಎಲ್ಲವೂ ಅವರಿಗೆ ಗೊತ್ತೇ ಇತ್ತು. "ನಿನಗ ನೋವಾಗಬಾರದಂತ ಹಂಗ ಮಾಡಿದ್ವಿ ತಂಗಿ. ಎಲ್ಲಾರ ಮುಂದ ನಿನ್ನ ಹೆಂಗ ಬೈಯೂದು?" ಎಂದರು. ಹಾಗಾದರೆ ಕೈಯಚ್ಚು ಕೊಟ್ಟು ನನ್ನನ್ನು ಗುಡ್ಡಕ್ಕೆ ಕಳಿಸುತ್ತಿದ್ದಿರಾ, ನನ್ನ ಪೊಳ್ಳು ತೇಪೆಯ ರೆಕ್ಕೆ ಯಾರದಾದರೂ ತಲೆಯ ಮೇಲೆ ಬೀಳುವುದಿಲ್ಲವೇ ಎಂದೆ. ಅವರು ನೆಲ ನೋಡುತ್ತಾ, "ಅಚ್ಚು ಕೊಡತಿದ್ವಿ. ಗುಡ್ಡಕ್ಕ ಕಳಸ್ತಿರಲಿಲ್ಲ" ಎಂದರು. ಹಿಂದಿನವರೇ, ಆ ಮನುಷ್ಯ ನನ್ನನ್ನು ಮಗಳಂತೆ ನೋಡಿಕೊಂಡವರು. ಅವರಂಥ ಒಳ್ಳೆಯವರು ನಿಮ್ಮ ಕಾಲದಲ್ಲೂ ಸಿಗುವುದು ಕಷ್ಟ. ಆದರೂ ಆ ಕ್ಷಣ ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಯಾವ ವೈರಿಯ ಮೇಲೂ ಬಂದಿಲ್ಲ.

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಹೋಗುವುದೇ ಬೇಡ ಎಂದುಕೊಂಡೆ. ಮೂರನೇ ದಿನ ಬೇರೆ ಯೋಚನೆ ಬಂತು: ಬಿಟ್ಟು ಹೋದರೆ, ಪಾಪ ಅವಳಿಗೆ ಆಗಲಿಲ್ಲ ಎಂದು ಮರುಗುತ್ತಾರೆ, ನನಗೆ ಮಾಡಿದ್ದನ್ನೇ ನನ್ನಂಥ ಇನ್ನೊಬ್ಬಳಿಗೆ ಇನ್ನೂ ಹೆಚ್ಚು ಪ್ರೀತಿಯಿಂದ ಮಾಡುತ್ತಾರೆ. ಬೆಳಿಗ್ಗೆ ಹೋಗಿ ತೇಪೆ ಹಚ್ಚಿದೆ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ, ಮೇಜಿನ ಬಳಿಯೇ ಕೂತು ರೊಟ್ಟಿ ತಿನ್ನುತ್ತಾ ಕಾವಲು ಕಾದೆ. ಸಂಜೆ ತಟ್ಟುಹೊತ್ತಿಗೆ ಎಲ್ಲರೂ ಸೇರಿದರು. ನನ್ನ ಸರದಿ ಬಂದಾಗ ಫಕೀರಪ್ಪನವರ ಕೈಯಲ್ಲಿ ಕೊಡತಿ ಮೇಲೇಳಲಿಲ್ಲ. "ಕಾಕಾ, ತಟ್ರಿ" ಎಂದೆ. ತಟ್ಟಿದರು. ಡಬ್. ಇನ್ನೊಂದು ಕಡೆ, ಡಬ್. ಇಡೀ ತೇಪೆ ಹಳೆಯ ತಂಬಿಗೆಯಂತೆ ಸದ್ದು ಮಾಡಿತು.

ಪದ್ಧತಿಯಂತೆ ಮುಂದೆ ಬಂದು ಕಾದೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ಚಾವಣಿ ನೋಡಿದರು, ಒಬ್ಬರು ಉಗುರು ನೋಡಿದರು. ರತನ್ ಕೈಮಾತಿನಲ್ಲಿ ಯಾರಿಗೋ ಏನೋ ಹೇಳಿದ. ಅಷ್ಟು ಜನರ ನಡುವೆ ಒಬ್ಬಳೇ ಇದ್ದೆ. ನನಗೆ ಅಳು ಬರುವುದರಲ್ಲಿತ್ತು. ಬೈಯುತ್ತಾರೆಂದು ಅಲ್ಲ, ಬೈಯುವುದಿಲ್ಲವೆಂದು. ಬೈಯದೇ ಬಿಟ್ಟರೆ ನಾನು ಈ ಮನೆಯ ಅತಿಥಿ. ಅತಿಥಿಗೆ ಉಪಚಾರವುಂಟು, ಗುಡ್ಡವಿಲ್ಲ. ಆಗ ಹುಸೇನಬಿ ಜನರನ್ನು ಸರಿಸಿ ಮುಂದೆ ಬಂದಳು. ಮುಖ ಕೆಂಪಾಗಿತ್ತು. ತೇಪೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೊಂಟಕ್ಕೆ ಕೈಯಿಟ್ಟಳು.

"ಏನ್ ಮಾಡೀಯಬೇ ಇದನ್ನ? ತ್ಯಾಪಿ ಹಚ್ಚೀಯೋ, ಹಪ್ಪಳ ಕರದೀಯೋ? ಕಣ್ಣು ಮನ್ಯಾಗ ಇಟ್ಟ ಬಂದೀಯೇನ? ಇದನ್ನ ಮ್ಯಾಲೆ ಏರಿಸಿದ್ರ ಹಾರಿಕೊಂತ ಹೋಗಿ ಡಂಬಳದ ಕೆರ್ಯಾಗ ಬೀಳ್ತೈತಿ! ಒಂದ್ ವರ್ಷ ನಿನ್ನ ಹೊಲಸ್ ಕೆಲಸ ಕೆರದ ಕೆರದ ನನ್ನ ಉಗುರ ಸವದ್ವು!"

ಕಡೆಯ ಮಾತು ಹೇಳುವಾಗ ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ನಗುತ್ತಲೂ ಇದ್ದೆ. ಯಾರೋ ಹಿಂದಿನಿಂದ, "ಹಪ್ಪಳ ಅಲ್ಲ, ಪೂರಿ" ಎಂದರು. ಅಷ್ಟೇ ಸಾಕಾಯಿತು, ವರ್ಷದಿಂದ ಕಟ್ಟಿಟ್ಟ ಬೈಗುಳವೆಲ್ಲ ಒಡ್ಡು ಒಡೆದಂತೆ ಬಂತು. ಗಿರಿಮಲ್ಲನಂತೂ ಹಳೆಯದೆಲ್ಲ ನೆನಪಿಟ್ಟುಕೊಂಡಿದ್ದ ಪುಣ್ಯಾತ್ಮ. ನಾನೂ ಸುಮ್ಮನಿರಲಿಲ್ಲ, ಅವನ ತೇಪೆಗಳ ಸುದ್ದಿ ಎತ್ತಿದೆ. ಅವ್ವನಾಣೆ, ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಆದರೆ ಈ ಓಲೆ ಬರೆಯಲು ಕೂತದ್ದು ಆ ಸಂತೋಷಕ್ಕಲ್ಲ, ಆಮೇಲೆ ನಡೆದದ್ದಕ್ಕೆ. ಬೈದು ಮುಗಿದ ಮೇಲೆ ಪದ್ಧತಿಯಂತೆ ಏಕೆ ಪೊಳ್ಳಾಯಿತು ಎಂದು ಹುಡುಕಲು ಕೂತರು. ಒಂದು ವರ್ಷದಲ್ಲಿ ಅದೇ ಮೊದಲ ಸಲ. ಎಲ್ಲರೆದುರು ಇನ್ನೊಂದು ತೇಪೆ ಹಚ್ಚಿ ತೋರಿಸಿದೆ. ಅಂಟು ಹದವಾಗಿತ್ತು, ನಾರುಬಟ್ಟೆ ಸರಿಯಾಗಿತ್ತು. ಉರುಳೆಯಿಂದ ಒತ್ತುವಾಗ ಹುಸೇನಬಿ, "ತಡಿ ತಡಿ" ಎಂದಳು. ನಿಂತು ಒತ್ತುವವರು ತಮಗೆ ಗೊತ್ತಿಲ್ಲದೆಯೇ ಇಡೀ ಮೈಯ ಭಾರವನ್ನು ಉರುಳೆಯ ಮೇಲೆ ಹಾಕುತ್ತಾರೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಕೂತ ನನಗೆ ಬರೀ ತೋಳಿನ ಬಲ. ಅಷ್ಟು ಪ್ರೀತಿಯಿಂದ ಮಾಡಿದ ಆ ಮೇಜು ನನ್ನ ಕುರ್ಚಿಗೆ ಒಪ್ಪಿತ್ತು, ನನ್ನ ಕೆಲಸಕ್ಕೆ ಒಪ್ಪಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಿಮ್ಮಲ್ಲೂ ಇದೆಯಷ್ಟೆ. ಆ ಗಾದೆ ಕಟ್ಟಿದವರು ಒಂದು ಸಲವಾದರೂ ಬಗ್ಗಿ ನೆಲ ನೋಡಿದ್ದರೋ ಇಲ್ಲವೋ. ನಮ್ಮಲ್ಲಿ ನೆಲ ಡೊಂಕೇ ಇತ್ತು. ನನ್ನ ತಪ್ಪನ್ನು ಮುಚ್ಚಿಟ್ಟಾಗ ಮೇಜಿನ ತಪ್ಪೂ ಅದರ ಜೊತೆಗೇ ಮುಚ್ಚಿಹೋಗಿತ್ತು.

ಶ್ಯಾವಿಗೆ ಒತ್ತುವ ಹಳೆಯ ಮಣೆಯನ್ನು ನೀವು ನೋಡಿರಬೇಕು. ಉದ್ದನೆಯ ತೊಲೆಯ ಒಂದು ತುದಿ ಗೂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿಯ ಮೇಲೆ ಕೂತರೆ ನಡುವಿನ ಹಿಟ್ಟು ಎಳೆಯಾಗಿ ಇಳಿಯುತ್ತದೆ. ನಮ್ಮ ಮನೆಯಲ್ಲಿ ಈಗಲೂ ಒಂದಿದೆ. ನಾನು ಅದರ ಮಾತೆತ್ತಿದೆ, ಹುಸೇನಬಿ ಚಾಕ್‌ನಿಂದ ನೆಲದ ಮೇಲೆ ಬರೆದಳು, ವಾರದೊಳಗೆ ಮೇಜಿನ ಆಚೆ ಬದಿಗೆ ಗೂಟ ಹಾಕಿ ಉದ್ದನೆಯ ಹಲಗೆ ಕೂರಿಸಿದರು. ಈಚೆ ತುದಿಯನ್ನು ನಾನು ಕೂತಲ್ಲಿಂದಲೇ ಕೆಳಕ್ಕೆ ಜಗ್ಗಿದರೆ ನಡುವಿನ ಉರುಳೆ ತೇಪೆಯ ಮೇಲೆ ಆನೆಯ ಹಾಗೆ ಕೂರುತ್ತದೆ. ಜಗ್ಗುಹಲಗೆ ಎಂದು ಹೆಸರಿಟ್ಟೆವು. ಸೊಂಟನೋವಿನ ಗಿರಿಮಲ್ಲ ಒಂದು ದಿನ ಕೇಳಿ ಪಡೆದ, ಬಸುರಿ ಹೆಂಗಸೊಬ್ಬಳು ಕೇಳಿದಳು, ವಯಸ್ಸಾದ ಫಕೀರಪ್ಪನವರು ಕೇಳದೆಯೇ ತೆಗೆದುಕೊಂಡರು. ಈಗ ಎಲ್ಲ ಮೇಜಿಗೂ ಒಂದಿದೆ, ಮೊದಲು ಯಾರಿಗಾಗಿ ಮಾಡಿದ್ದೆಂದು ಹೊಸಬರಿಗೆ ಗೊತ್ತೂ ಇಲ್ಲ.

ಹಲಗೆ ಬಂದ ಕೂಡಲೇ ನಾನು ಜಾಣೆಯಾಗಲಿಲ್ಲ. ಕೈಗುಣದ ಜಂಬ ಇಳಿದುಹೋಗಿತ್ತು, ಕೆಲಸ ಕಲಿಯಬೇಕಾಗಿತ್ತು. ಎರಡು ವರ್ಷ ಬೈಸಿಕೊಂಡೆ. ಕೆಲವು ಸಂಜೆ ಮನೆಗೆ ಹೋಗಿ ಅವ್ವನ ಮೇಲೆ ರೇಗಿದ್ದೂ ಉಂಟು. ಪೊಳ್ಳು ಕಡಿಮೆಯಾಯಿತು, ಅಪರೂಪವಾಯಿತು. ನಿನ್ನೆ ಸಂಜೆ ನನ್ನ ಕೈಯಚ್ಚಿನ ಪರೀಕ್ಷೆಯಿತ್ತು. ಒಂದು ಇಡೀ ರೆಕ್ಕೆ, ಬುಡದಿಂದ ತುದಿಯವರೆಗೆ ನಾನೊಬ್ಬಳೇ ತೇಪೆ ಹಚ್ಚಿದ್ದು. ಫಕೀರಪ್ಪನವರು ತಟ್ಟಿದರು, ರತನ್ ತಟ್ಟಿದ, ಗಿರಿಮಲ್ಲ ತನ್ನ ಹಳೆಯ ಸೇಡೆಲ್ಲ ತೀರಿಸಿಕೊಳ್ಳುವವನಂತೆ ಮೂಲೆ ಮೂಲೆ ತಟ್ಟಿದ. ಕಡೆಗೆ ಹುಸೇನಬಿ ಕೊಡತಿ ತೆಗೆದುಕೊಂಡಳು. ರೆಕ್ಕೆಯ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಗೇಣು ಗೇಣು ತಟ್ಟುತ್ತಾ ಹೋದಳು. ಹೋದವಳು ಮತ್ತೆ ಬುಡಕ್ಕೆ ಬಂದು ಇನ್ನೊಮ್ಮೆ ಶುರು ಮಾಡಿದಳು. ಎರಡನೆಯ ಸಲವೂ ತುದಿ ಮುಟ್ಟಿ, ಬೆವರು ಒರೆಸಿಕೊಂಡು, ಕೊಡತಿಯನ್ನು ನೆಲಕ್ಕೆ ಒಗೆದು, "ಒಂದ್ ಪೊಳ್ಳೂ ಸಿಗವಲ್ತು ನೋಡ್ರಿ, ಏನ್ ಹುಡುಕಿದ್ರೂ ಸಿಗವಲ್ತು!" ಎಂದಳು. ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು. ಆ ಸಿಟ್ಟಿಗಿಂತ ದೊಡ್ಡ ಬಿರುದು ನನಗೆ ಬೇಡ. ಬಣ್ಣದ ತಟ್ಟೆ ಬಂತು, ಅಂಗೈ ಅದ್ದಿ ಒತ್ತಿದೆ. ನಾಳೆ ಬೆಳಿಗ್ಗೆ ಏರುಬಂಡಿ ಹತ್ತುತ್ತೇನೆ.

ಹಿಂದಿನವರೇ, ನೀವು ನಿಮ್ಮ ಕಚೇರಿಯ ಬಾಗಿಲಿಗೆ ಇಳಿಜಾರು ಕಟ್ಟಿಸುತ್ತಿದ್ದೀರೆಂದು ಓದಿದ್ದೇನೆ. ಕಟ್ಟಿಸಿ, ಬೇಗ ಕಟ್ಟಿಸಿ, ಅದಿಲ್ಲದೆ ನಾವು ಒಳಗೇ ಬರಲಾರೆವು. ಆದರೆ ಬಂದವಳನ್ನು ಬಾಗಿಲಲ್ಲೇ ಕೂರಿಸಿ ಹಾರ ಹಾಕಿ, ಫೋಟೋ ತೆಗೆದು, ಅವಳ ಕೆಲಸವನ್ನು ನೀವೇ ಮಾಡಿ ಮುಗಿಸಬೇಡಿ. ಇದು ನನ್ನ ಒಂದೇ ಕೋರಿಕೆ. ನಾಳೆ ಹೋಗಿ ಪಕ್ಕದ ಮೇಜಿನವಳ ಕೆಲಸದಲ್ಲಿ ತಪ್ಪು ಹುಡುಕಿ, ನಿಮ್ಮ ಗೆಳೆಯರ ಕೆಲಸದಲ್ಲಿ ಹುಡುಕುವಷ್ಟೇ ಮನಸ್ಸಿಟ್ಟು ಹುಡುಕಿ. ಸಿಕ್ಕರೆ ಅವಳೆದುರಿಗೇ ಹೇಳಿ, ಹೇಳಿ ಎದ್ದು ಹೋಗದೆ ಅವಳ ಜೊತೆ ಕೂತು ಮೇಜನ್ನೂ ನೋಡಿ. ಸಿಗದಿದ್ದರೆ ಅವಳನ್ನು ಗುಡ್ಡಕ್ಕೆ ಕಳಿಸಿ.

ನಿಮ್ಮ ಮುಂದಿನವಳು,
ನೀಲಗಂಗವ್ವ